ತಾರಸಿಯ ಕುಂಡದಲ್ಲಿ ಲೆಟ್ಯೂಸ್, ಕೊತ್ತಂಬರಿ ಬೀಜ ಸರಿಯಾಗಿ ಮೊಳೆಯಲು ಏನು ಮಾಡಬೇಕು?

ಪ್ರಶ್ನೆ (ಕುವೆಂಪುನಗರ, ಮೈಸೂರು)

ಖಾರವೂ ಕಹಿಯೂ ಇಲ್ಲದ, ಮಕ್ಕಳು ಹಸಿಯಾಗಿಯೇ ತಿನ್ನಬಲ್ಲ ಸೊಪ್ಪನ್ನು ತಾರಸಿಯಲ್ಲಿ ಬೆಳೆಯಬೇಕೆಂಬುದು ನಮ್ಮ ಮನೆಯವರೆಲ್ಲರ ಆಸೆ. ಏಪ್ರಿಲ್‌ನಲ್ಲಿ ಲೆಟ್ಯೂಸ್ ಬೀಜ ಹಾಕಿ, ಬೆರಳಿನ ಒಂದು ಗೆಣ್ಣಿನಷ್ಟು ಮಣ್ಣು ಮುಚ್ಚಿ ದಿನವೂ ನೀರು ಕೊಟ್ಟರೂ ಒಂದು ಮೊಳಕೆಯೂ ಕಾಣಲಿಲ್ಲ. ಕೊತ್ತಂಬರಿ ಅಲ್ಲೊಂದು ಇಲ್ಲೊಂದು ಹುಟ್ಟಿ, ಸೊಪ್ಪು ಕೀಳುವ ಮೊದಲೇ ಹೂವಿಗೆ ಬಂದಿತು. ದಸರೆ ಕಳೆದ ಮೇಲೆ ಮತ್ತೆ ಬಿತ್ತಬೇಕೆಂದಿದ್ದೇವೆ. ಬಲ್ಲವರು ದಯವಿಟ್ಟು ತಿಳಿಸಿ. ಪಾರ್ಸ್ಲಿ, ಬೇಸಿಲ್‌ಗಳನ್ನೂ ಇದೇ ಕಾಲದಲ್ಲಿ ಬಿತ್ತಬಹುದೇ?

ಉತ್ತರ (ಸರಸ್ವತಿಪುರಂ, ಮೈಸೂರು)

ಬೀಜ ಕೆಟ್ಟದ್ದೆಂದು ಈಗಲೇ ತೀರ್ಮಾನಿಸಬೇಡಿ. ಲೆಟ್ಯೂಸ್‌ನ ಅನೇಕ ತಳಿಗಳ ಬೀಜಕ್ಕೆ ಮೊಳೆಯಲು ಬೆಳಕು ಬೇಕು. ಗೆಣ್ಣುದ್ದ ಮಣ್ಣಿನಡಿ ಅದು ಸಿಗುವುದಿಲ್ಲ. ಜೊತೆಗೆ ಮಣ್ಣಿನ ಬಿಸಿ 30 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಒಳ್ಳೆಯ ಬೀಜವೂ ಮೊಳೆಯದೆ ನಿದ್ರಿಸುತ್ತದೆ, ಮತ್ತು ಏಪ್ರಿಲ್‌ನ ಕಾಂಕ್ರೀಟ್ ತಾರಸಿಯ ಮೇಲಿನ ಕುಂಡ ಅದಕ್ಕಿಂತಲೂ ಹೆಚ್ಚು ಕಾಯುತ್ತದೆ. ನವೆಂಬರ್‌ನಿಂದ ಜನವರಿಯವರೆಗಿನ ನಮ್ಮ ಊರಿನ ತಂಪು ಈ ಸೊಪ್ಪಿಗೆ ಹೇಳಿ ಮಾಡಿಸಿದ ಕಾಲ. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಜರಡಿ ಹಿಡಿದ ಎರೆಗೊಬ್ಬರ ಬೆರೆಸಿ ತಟ್ಟೆಗೆ ತುಂಬಿ, ಮೊದಲೇ ನೀರುಣಿಸಿ, ಬೀಜವನ್ನು ಮೇಲೆ ಉದುರಿಸಿ ಅಂಗೈಯಿಂದ ಮೆಲ್ಲನೆ ಒತ್ತಿದರೆ ಸಾಕು, ಮುಚ್ಚಬೇಕಾಗಿಲ್ಲ. ಅಕ್ಟೋಬರ್‌ನ ಸಂಜೆ ಮಳೆ ಬೀಜವನ್ನು ಕೊಚ್ಚಿಕೊಂಡು ಹೋಗುವುದರಿಂದ ತಟ್ಟೆ ಸಜ್ಜದ ಕೆಳಗಿರಲಿ. ಮೊಳಕೆ ಬಂದ ಮೇಲೆ ನೀರು ಅತಿಯಾದರೆ ಬುಡ ಕೊಳೆತು ಸಸಿ ಮಲಗಿಬಿಡುತ್ತದೆ. ಬಿಡಿ ಎಲೆಯ ತಳಿಗಳನ್ನೇ ಆರಿಸಿಕೊಳ್ಳಿ. ಹೊರಗಿನ ಎಲೆ ಕೀಳುತ್ತಿದ್ದರೆ ಒಳಗಿನಿಂದ ಹೊಸದು ಬರುತ್ತಿರುತ್ತದೆ. ಗಿಡ ಹೂದಂಟು ಎತ್ತತೊಡಗಿದರೆ ಎಲೆ ಕಹಿಯಾಗುತ್ತದೆ, ಆಗ ಮಕ್ಕಳು ಖಂಡಿತ ಮುಟ್ಟುವುದಿಲ್ಲ.

ಉತ್ತರ (ಮಂಡ್ಯ)

ಕೊತ್ತಂಬರಿಯ ವಿಷಯ ನಾನು ಹೇಳುತ್ತೇನೆ. ನಾವು ಬೀಜವೆನ್ನುವ ಒಂದು ಕಾಳಿನೊಳಗೆ ಎರಡು ಬೀಜಗಳಿರುತ್ತವೆ. ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸಿ ಕಾಳನ್ನು ಎರಡು ಹೋಳಾಗಿಸಿ, ರಾತ್ರಿ ನೆನೆಸಿ ಬೆಳಿಗ್ಗೆ ಅರ್ಧ ಅಂಗುಲ ಆಳಕ್ಕೆ ಬಿತ್ತಿದರೆ ಒಂದರಿಂದ ಎರಡು ವಾರದೊಳಗೆ ಒಂದೇ ಸಮನಾಗಿ ಹುಟ್ಟುತ್ತದೆ. ಒಟ್ಲು ಹಾಕಿ ಕಿತ್ತು ನೆಡುವುದು ಇದಕ್ಕೂ ಸಬ್ಬಸಿಗೆಗೂ ಒಗ್ಗುವುದಿಲ್ಲ, ಏಕೆಂದರೆ ತಾಯಿಬೇರು ಅಲುಗಿದರೆ ಗಿಡ ಬೇಗ ಹೂವಿಗೆ ಹೋಗುತ್ತದೆ. ಬೆಳೆಯುವ ಕುಂಡಕ್ಕೇ ನೇರವಾಗಿ ಬಿತ್ತಿ. ನಿಮ್ಮ ಗಿಡ ಅವಸರದಲ್ಲಿ ಹೂವಾದದ್ದಕ್ಕೆ ಬೇಸಿಗೆಯ ಸೆಖೆಯೇ ಮುಖ್ಯ ಕಾರಣವಿರಬೇಕು. ಹದಿನೈದು ದಿನಕ್ಕೊಮ್ಮೆ ಒಂದು ಕುಂಡ ಬಿತ್ತುತ್ತಾ ಬಂದರೆ ಸಾರಿಗೆ ಎಂದೂ ಸೊಪ್ಪಿನ ಕೊರತೆಯಾಗದು.

ಉತ್ತರ (ಶ್ರೀರಂಗಪಟ್ಟಣ)

ಬೇಸಿಲ್ ನಮ್ಮ ಕಾಮಕಸ್ತೂರಿಯ ಜಾತಿಯದೇ ಆದ್ದರಿಂದ ಬೆಚ್ಚಗಿನ ದಿನಗಳನ್ನೇ ಬಯಸುತ್ತದೆ, ಚಳಿಗಾಗಿ ಕಾಯಬೇಡಿ. ನೀರು ತಾಕಿದ ಬೀಜ ಲೋಳೆಯಾದರೆ ಗಾಬರಿ ಬೇಡ, ಅದು ಅದರ ಗುಣ, ವಾರದೊಳಗೆ ಮೊಳೆಯುತ್ತದೆ. ಪಾರ್ಸ್ಲಿಯನ್ನು ಲೆಟ್ಯೂಸ್ ಜೊತೆಗೇ ತಂಪಿನಲ್ಲಿ ಬಿತ್ತಬಹುದು. ಆದರೆ ಅದು ಮೊಳೆಯಲು ಮೂರು ನಾಲ್ಕು ವಾರ ಹಿಡಿಯುವುದುಂಟು, ಅಲ್ಲಿಯವರೆಗೆ ಮಣ್ಣಿನ ತೇವ ಆರದಂತೆ ನೋಡಿಕೊಳ್ಳಿ, ಕುಂಡ ಖಾಲಿಯೆಂದು ಬೇರೇನನ್ನೂ ಹಾಕಿಬಿಡಬೇಡಿ.