ಇಎಫ್ 30 ಇದ್ದರೂ ಐಸಿಡಿಗೆ ಮೂರು ತಿಂಗಳು ಕಾಯಬೇಕಾ?

ಪ್ರಶ್ನೆ (ಡೊಂಬಿವಲಿಯಿಂದ): ಡಾಕ್ಟ್ರೇ, ನಮಸ್ಕಾರ. ಅಪ್ಪನಿಗೆ 63. ಮಾಟುಂಗದ ಒಂದು ಹೋಟೆಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವರು. ಮೂರು ವಾರದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದಾರೆ. ಎಕೋದಲ್ಲಿ ಇಎಫ್, ಅಂದರೆ ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತದ ಪಾಲು, 30 ಪರ್ಸೆಂಟ್ ಬಂದಿದೆ. ಬಡಿತ ತಪ್ಪಿ ಹೃದಯ ಹಠಾತ್ತನೆ ನಿಲ್ಲುವ ಭಯ ಇದೆಯಂತೆ. ಆದರೆ ಐಸಿಡಿ, ಅಂದರೆ ಬಡಿತ ತಪ್ಪಿದಾಗ ಶಾಕ್ ಕೊಟ್ಟು ಸರಿಪಡಿಸಲು ದೇಹದೊಳಗೆ ಇಡುವ ಸಾಧನ, ಅದರ ಮಾತು ಮೂರು ತಿಂಗಳ ಮೇಲೆ ಅಂದರು. ಭಯ ಇದ್ದ ಮೇಲೆ ಕಾಯುವುದೇಕೆ? ರಾತ್ರಿ ನಿದ್ದೆಗೆಟ್ಟು ಅವರ ಉಸಿರು ನೋಡುತ್ತಿರುತ್ತೇನೆ.

ಉತ್ತರ: ನಿಮ್ಮ ಪ್ರಶ್ನೆ ಸರಿಯಾಗಿಯೇ ಇದೆ. ಅಟ್ಯಾಕ್ ಆದ ಮೊದಲ ತಿಂಗಳಲ್ಲೇ ಅಪಾಯ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಹಾಗಾದರೆ ಬೇಗ ಹಾಕಿದರೆ ಒಳ್ಳೆಯದಲ್ವಾ? 2004ರಲ್ಲಿ ಪ್ರಕಟವಾದ ಡೈನಾಮಿಟ್ ಅಧ್ಯಯನ ಇದನ್ನೇ ನೋಡಿತು. ಅಟ್ಯಾಕ್ ಆಗಿ 6ರಿಂದ 40 ದಿನದೊಳಗೆ, 674 ಜನರಲ್ಲಿ ಅರ್ಧದಷ್ಟು ಮಂದಿಗೆ ಐಸಿಡಿ ಹಾಕಿದರು. ಬಡಿತ ತಪ್ಪಿ ಸಾಯುವವರು ಕಡಿಮೆಯಾದರು. ಆದರೆ ಬೇರೆ ಕಾರಣಕ್ಕೆ ಸತ್ತವರು ಹೆಚ್ಚಿದರು. ಒಟ್ಟು ಲೆಕ್ಕದಲ್ಲಿ ಲಾಭ ಕಾಣಲಿಲ್ಲ.

ಇನ್ನೊಂದು ಕಾರಣ: ಅಟ್ಯಾಕಿನಲ್ಲಿ ಸ್ವಲ್ಪ ಸ್ನಾಯು ಸತ್ತಿರುತ್ತದೆ, ಸ್ವಲ್ಪ ಸುಮ್ನೆ ಮಂಕಾಗಿರುತ್ತದೆ. ಮಂಕಾದದ್ದು ಸ್ಟೆಂಟ್, ಮಾತ್ರೆಗಳಿಂದ ಚೇತರಿಸಬಹುದು. ಆಮೇಲಿನ ಎಕೋದಲ್ಲಿ ಇಎಫ್ 35 ದಾಟಿದರೆ ಐಸಿಡಿ ಬೇಡವೂ ಆಗಬಹುದು. ಬೀಟಾ ಬ್ಲಾಕರ್, ಸ್ಪೈರೊನೊಲ್ಯಾಕ್ಟೋನ್ ಥರದ ಮಾತ್ರೆಗಳೇ ಹಠಾತ್ ಸಾವನ್ನು ಕಡಿಮೆ ಮಾಡುತ್ತವೆ. ಒಂದು ಹೊತ್ತೂ ತಪ್ಪಿಸಬೇಡಿ.

ಒಂದು ಮಾತ್ರ ಕಾಯುವಂಥದ್ದಲ್ಲ. ತಲೆ ತಿರುಗಿ ಪ್ರಜ್ಞೆ ತಪ್ಪಿದರೆ, ಅರೆ ನಿಮಿಷವಾದರೂ ಸರಿ, ಅದೇ ದಿನ ಆಸ್ಪತ್ರೆ. ಉಸಿರು ನಿಂತರೆ 108ಕ್ಕೆ ಫೋನ್ ಮಾಡಿ, ಎದೆ ಒತ್ತಲು ಶುರು ಮಾಡಿ. ಮನೆಯಲ್ಲಿ ಇಬ್ಬರಾದರೂ ಸಿಪಿಆರ್ ಕಲಿಯಿರಿ. ರಾತ್ರಿ ಕಾವಲಿಗಿಂತ ಅದು ಉಪಯೋಗ.

ಅದೇ ಪ್ರಶ್ನೆಯವರು: ಅಪ್ಪ ಎರಡು ಮಹಡಿ ಆರಾಮಾಗಿ ಹತ್ತುತ್ತಾರೆ. ಅಂದರೆ ಅಪಾಯ ಕಡಿಮೆ ಅಲ್ವಾ?

ಉತ್ತರ: ಒಟ್ಟು ಸಾವಿನ ಅಪಾಯ ಕಡಿಮೆ, ಹೌದು. ಆದರೆ ಇಲ್ಲೊಂದು ವಿಚಿತ್ರ ಇದೆ. ಹೃದಯ ದುರ್ಬಲವಾದವರ ಮೇಲೆ ನಡೆದ 1999ರ ಮೆರಿಟ್-ಎಚ್‌ಎಫ್ ಅಧ್ಯಯನದಲ್ಲಿ, ತೊಂದರೆ ಸೌಮ್ಯವಾಗಿದ್ದವರಲ್ಲಿ ಸತ್ತವರ ಪೈಕಿ 64 ಪರ್ಸೆಂಟ್ ಹಠಾತ್ತಾಗಿ ಹೋದವರು. ಕೂತಲ್ಲೇ ಏದುಸಿರು ಬರುವವರಲ್ಲಿ ಅದು 33. ಹಾಗಾಗಿ ಮೆಟ್ಟಿಲು ಹತ್ತಿದರೆಂದು ಮುಂದಿನ ಎಕೋ ಬಿಡಬೇಡಿ.

ಪುಣೆಯಿಂದ ಒಬ್ಬರು: ನಮ್ಮಣ್ಣನಿಗೆ ಇಎಫ್ 45. ಅವರು ನಿಶ್ಚಿಂತೆಯಿಂದ ಇರಬಹುದಾ?

ಉತ್ತರ: ಇಎಫ್ ಒರಟು ಜರಡಿ. 35ಕ್ಕಿಂತ ಮೇಲಿದ್ದವರಲ್ಲೂ ಹಠಾತ್ ಸಾವು ಆಗುತ್ತದೆ. ಎಂಆರ್‌ಐನಲ್ಲಿ ಸ್ನಾಯುವಿನ ಗಾಯದ ಕಲೆ ಕಂಡರೆ, ಮನೆತನದಲ್ಲಿ ಚಿಕ್ಕ ವಯಸ್ಸಿನ ಸಾವಿದ್ದರೆ ನಾವು ಇನ್ನಷ್ಟು ಹುಡುಕುತ್ತೇವೆ. ಅಣ್ಣನಿಗೆ ಎಂದಾದರೂ ಪ್ರಜ್ಞೆ ತಪ್ಪಿತ್ತಾ, ಕೇಳಿ.

ಡೊಂಬಿವಲಿಯವರು: ಕೊನೇದು, ದಿನಾ ಎರಡು ಎಳನೀರು ಕೊಡುತ್ತಿದ್ದೇವೆ. ಊರಿಂದ ಚಿಕ್ಕಮ್ಮ ಹೇಳಿದರು.

ಉತ್ತರ: ಚಿಕ್ಕಮ್ಮನ ಪ್ರೀತಿ ದೊಡ್ಡದು, ಆದರೆ ನಿಲ್ಲಿಸಿ. ಎಳನೀರಿನಲ್ಲಿ ಪೊಟ್ಯಾಶಿಯಂ ತುಂಬಾ. ಸ್ಪೈರೊನೊಲ್ಯಾಕ್ಟೋನ್ ಜೊತೆ ಸೇರಿದರೆ ರಕ್ತದಲ್ಲಿ ಏರಿ, ಬಡಿತವನ್ನೇ ಕೆಡಿಸಬಹುದು. ನಾಳೆಯೇ ಪೊಟ್ಯಾಶಿಯಂ, ಕ್ರಿಯಾಟಿನಿನ್ ಟೆಸ್ಟ್ ಮಾಡಿಸಿ, ರಿಪೋರ್ಟ್ ನಿಮ್ಮ ಡಾಕ್ಟರಿಗೆ ತೋರಿಸಿ.