98 ಮೆಗಾಹರ್ಟ್ಸ್‌ಗೆ ಕತ್ತರಿಸಿದ ಕೇಬಲ್ 63.7ರಲ್ಲಿ ಕುಸಿತ ತೋರಿಸುತ್ತಿದೆ: ಆವೃತ್ತಿಯಿಂದ ಉದ್ದಕ್ಕೆ ಬಂದ ಲೆಕ್ಕ ಎಲ್ಲಿ ತಪ್ಪಿತು?

ಹೊಸ ಕೇಳುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್‌ಗೆ ಜೋಡಿಸುವ ಸಣ್ಣ ಎಸ್‌ಡಿಆರ್ ರಿಸೀವರ್ ಒಂದರಲ್ಲಿ 145 ಮೆಗಾಹರ್ಟ್ಸ್ ಆಸುಪಾಸಿನ ಹವ್ಯಾಸಿ ರೇಡಿಯೊ ಮಾತುಕತೆಗಳನ್ನು ಕೇಳುತ್ತಿದ್ದೇನೆ. ಹತ್ತಿರದಲ್ಲೇ ಇರುವ 98 ಮೆಗಾಹರ್ಟ್ಸ್‌ನ ಎಫ್‌ಎಂ ಪ್ರಸಾರ ಎಷ್ಟು ಪ್ರಬಲವಾಗಿದೆಯೆಂದರೆ, ಇರಬಾರದ ಜಾಗಗಳಲ್ಲೆಲ್ಲ ಅದರ ಹಾಡು ಕೇಳಿಸುತ್ತದೆ. ಅದನ್ನು ತಡೆಯಲು ಆಂಟೆನಾ ಕೇಬಲ್‌ಗೆ ಟಿ ಕನೆಕ್ಟರ್ ಹಾಕಿ, ಅದರ ಒಂದು ಕವಲಿಗೆ ಕಾಲು ತರಂಗಾಂತರ ಉದ್ದದ, ತುದಿ ತೆರೆದ ಕೇಬಲ್ ತುಂಡನ್ನು, ಅಂದರೆ ಸ್ಟಬ್ ಅನ್ನು, ಸೇರಿಸಬೇಕೆಂದು ತಿಳಿದುಕೊಂಡೆ.

ಉದ್ದ ಕಂಡುಹಿಡಿಯಲು ಸ್ಪ್ರೆಡ್‌ಶೀಟ್‌ನಲ್ಲಿ 29,97,92,458 ಅನ್ನು 98ರಿಂದ ಭಾಗಿಸಿದಾಗ ಮೊದಲ ಸಲ ಮೂವತ್ತು ಲಕ್ಷ ಮೀಟರ್ ಬಂತು. ಮೆಗಾ ಎಂಬುದನ್ನು ಮರೆತದ್ದು ನನ್ನದೇ ತಪ್ಪು. ಅದನ್ನು ಸರಿಪಡಿಸಿದ ಮೇಲೆ ತರಂಗಾಂತರ 3.059 ಮೀಟರ್ ಎಂದೂ, ಅದರ ಕಾಲು ಭಾಗ 76.5 ಸೆಂ.ಮೀ. ಎಂದೂ ಸಿಕ್ಕಿತು. ಆರ್‌ಜಿ-58 ಕೇಬಲ್ಲನ್ನು ಅಷ್ಟೇ ಉದ್ದಕ್ಕೆ ಕತ್ತರಿಸಿ, ಯಾವ ಆವೃತ್ತಿಯಲ್ಲಿ ಎಷ್ಟು ಸಂಕೇತ ದಾಟುತ್ತದೆಂದು ತೋರಿಸುವ ವಿಎನ್‌ಎ ಉಪಕರಣಕ್ಕೆ ಜೋಡಿಸಿ ನೋಡಿದರೆ 98ರಲ್ಲಿ ಹೇಳಿಕೊಳ್ಳುವಂಥ ತಡೆ ಇಲ್ಲ. ಅದರ ಬದಲು 63.7 ಮೆಗಾಹರ್ಟ್ಸ್‌ನಲ್ಲಿ ಆಳವಾದ ಒಂದು ಕುಸಿತವೂ, 191ರಲ್ಲಿ ಇನ್ನೊಂದೂ ಕಾಣುತ್ತಿವೆ. ಕೇಬಲ್ಲನ್ನು ಮೂರು ಸಲ ಅಳೆದಿದ್ದೇನೆ, ಉಪಕರಣವನ್ನು ಎರಡು ಸಲ ಕ್ಯಾಲಿಬ್ರೇಟ್ ಮಾಡಿದ್ದೇನೆ. ಸೂತ್ರವೇ ತಪ್ಪೇ, ಉಪಕರಣ ತಪ್ಪೇ?

ಅಲೆಮಾಪಕ

ಎರಡೂ ತಪ್ಪಲ್ಲ. ಉಪಕರಣ ಸರಿಯಾಗಿದೆ ಎಂಬುದಕ್ಕೆ ನೀವು ಕೊಟ್ಟ ಎರಡನೆಯ ಅಂಕಿಯೇ ಸಾಕ್ಷಿ: 63.7ರ ಮೂರು ಪಟ್ಟು 191.1. ತುದಿ ತೆರೆದ ಸ್ಟಬ್ ತಾನು ಕಾಲು ಅಲೆಯಷ್ಟು ಉದ್ದವಾಗುವ ಆವೃತ್ತಿಯಲ್ಲಿಯೂ, ಅದರ ಬೆಸ ಅಪವರ್ತ್ಯಗಳಲ್ಲಿಯೂ ಟಿ ಕವಲಿನ ಬಳಿ ಶಾರ್ಟ್ ಆದಂತೆ, ಅಂದರೆ ನಡುತಂತಿ ಜಾಲರಿಯನ್ನು ಮುಟ್ಟಿ ಸಂಕೇತ ಮುಂದೆ ಹೋಗದಂತೆ, ವರ್ತಿಸಬೇಕು. ನಿಮ್ಮದು ಹಾಗೆಯೇ ವರ್ತಿಸುತ್ತಿದೆ. ಆದ್ದರಿಂದ ನಿಮ್ಮ ಕೈಯಲ್ಲಿರುವುದು ಒಳ್ಳೆಯ ಕಾಲು ಅಲೆಯ ಸ್ಟಬ್ಬೇ. ಆದರೆ ಅದು 98ಕ್ಕೆ ಅಲ್ಲ, 63.7ಕ್ಕೆ.

ಮುಂದೆ ಹೋಗುವ ಮೊದಲು ಪದದ ವಿಚಾರ. ‘ತರಂಗಾಂತರ’ ಎಂಬ ಪದವನ್ನು ಪತ್ರಿಕೆಗಳು ಸ್ಪೆಕ್ಟ್ರಂ ಎಂಬ ಅರ್ಥದಲ್ಲಿಯೂ ಧಾರಾಳವಾಗಿ ಬಳಸುವುದರಿಂದ, ಆವೃತ್ತಿ ಯಾವುದು, ಉದ್ದ ಯಾವುದು ಎಂಬುದೇ ಗೊಂದಲಕ್ಕೆ ಬೀಳುತ್ತದೆ. ನಾನು ಸೆಕೆಂಡಿಗೆ ಎಷ್ಟು ಆವರ್ತಗಳು ಎಂಬುದಕ್ಕೆ ‘ಆವೃತ್ತಿ’ ಎಂದೂ, ಒಂದು ಅಲೆಯ ಉದ್ದಕ್ಕೆ ‘ತರಂಗದೂರ’ ಎಂದೂ ಬರೆಯುತ್ತೇನೆ.

ಈಗ ಸೂತ್ರಕ್ಕೆ ಬರೋಣ. ತರಂಗದೂರವೆಂದರೆ ಅಲೆಯ ವೇಗವನ್ನು ಆವೃತ್ತಿಯಿಂದ ಭಾಗಿಸಿದಾಗ ಬರುವ ಉದ್ದ. ನೀವು ಹಾಕಿದ 29,97,92,458 ಮೀಟರ್ ಪ್ರತಿ ಸೆಕೆಂಡ್ ಎಂಬುದು ನಿರ್ವಾತದಲ್ಲಿ ಬೆಳಕಿನ ವೇಗ. 1983ರಿಂದ ಮೀಟರಿನ ವ್ಯಾಖ್ಯೆಯೇ ಈ ಸಂಖ್ಯೆಯ ಮೇಲೆ ನಿಂತಿರುವುದರಿಂದ ಅದರಲ್ಲಿ ಅಳತೆಯ ದೋಷವೆಂಬುದೇ ಇಲ್ಲ. ಆದರೆ ನಿಮ್ಮ ಅಲೆ ಓಡುತ್ತಿರುವುದು ನಿರ್ವಾತದಲ್ಲಿ ಅಲ್ಲ, ಕೇಬಲ್ಲಿನ ನಡುತಂತಿಗೂ ಹೊರಗಿನ ಜಾಲರಿಗೂ ನಡುವೆ ತುಂಬಿರುವ ಪಾಲಿಎಥಿಲೀನ್‌ನಲ್ಲಿ. ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 2.3, ವರ್ಗಮೂಲ ಸುಮಾರು 1.52, ಅಲೆಯ ವೇಗ ಅಷ್ಟು ಪಟ್ಟು ತಗ್ಗಿ, ನಿರ್ವಾತದ ವೇಗದ ಶೇಕಡಾ 66ಕ್ಕೆ ಇಳಿಯುತ್ತದೆ. ಕೇಬಲ್ಲಿನ ವಿವರಪಟ್ಟಿಯಲ್ಲಿ ವೆಲಾಸಿಟಿ ಫ್ಯಾಕ್ಟರ್ 0.66 ಎಂದು ಬರೆದಿರುವುದು ಇದನ್ನೇ. ನಿರೋಧಕ ನೊರೆಯ ರೂಪದಲ್ಲಿರುವ ಕೇಬಲ್‌ಗಳಲ್ಲಿ ಗಾಳಿಯ ಪಾಲು ಹೆಚ್ಚಿರುವುದರಿಂದ ಅದು 0.8ರ ಆಚೀಚೆ ಇರುತ್ತದೆ. ಹೀಗಾಗಿ ಯಾರದೋ ಕೇಬಲ್ಲಿನ ಉದ್ದವನ್ನು ನಕಲು ಮಾಡಿದರೂ ಕೆಲಸ ಕೆಡುತ್ತದೆ.

ನಿಮ್ಮ 63.7ನ್ನು 98ರಿಂದ ಭಾಗಿಸಿ ನೋಡಿ: 0.65. ವಿವರಪಟ್ಟಿಯ 0.66ಕ್ಕೆ ಇದು ಬಹಳ ಹತ್ತಿರವಿದೆ. 76.5ನ್ನು 0.66ರಿಂದ ಗುಣಿಸಿದರೆ 50.5 ಸೆಂ.ಮೀ. ಬರುತ್ತದೆ. ಹೊಸ ಕೇಬಲ್ ತೆಗೆಯಬೇಡಿ, ಇರುವುದನ್ನೇ 51.5ಕ್ಕೆ ಇಳಿಸಿ, ಒಂದು ಸೆಂಟಿಮೀಟರ್ ಕೈಯಲ್ಲಿ ಉಳಿಸಿಕೊಂಡು ಮತ್ತೆ ಅಳೆಯಿರಿ.

ಹೊಸ ಕೇಳುಗ

ತುಂಬಾ ಉಪಕಾರವಾಯಿತು. 51.5 ಸೆಂ.ಮೀ.ಗೆ ಕತ್ತರಿಸಿದ ಮೇಲೆ ಕುಸಿತ 93.9ಕ್ಕೆ ಬಂದಿದೆ. ಇನ್ನು 4.1 ಮೆಗಾಹರ್ಟ್ಸ್ ಮೇಲಕ್ಕೆ ಹೋಗಬೇಕು. ಎಷ್ಟು ಕತ್ತರಿಸಬೇಕೆಂದು ತಿಳಿಯಲು ಅದೇ ಸ್ಪ್ರೆಡ್‌ಶೀಟ್‌ನಲ್ಲಿ 4.1 ಎಂದು ಹಾಕಿ, ಈ ಸಲ ಮರೆಯದೆ 0.66ರಿಂದ ಗುಣಿಸಿ, ನಾಲ್ಕರಿಂದ ಭಾಗಿಸಿದೆ. 12.06 ಮೀಟರ್ ಎಂದು ಬರುತ್ತಿದೆ. ಅರ್ಧ ಮೀಟರ್ ಕೇಬಲ್ಲಿನಿಂದ ಹನ್ನೆರಡು ಮೀಟರ್ ಕತ್ತರಿಸುವುದು ಹೇಗೆಂದು ತಿಳಿಯದೆ ಮತ್ತೆ ಇಲ್ಲಿಗೇ ಬಂದಿದ್ದೇನೆ.

ಅಲೆಮಾಪಕ

ನಗಬಾರದು, ಏಕೆಂದರೆ ಈ ತಪ್ಪನ್ನು ಮಾಡದವರು ಕಡಿಮೆ, ನಾನೂ ಮಾಡಿದ್ದೇನೆ. ಮೀಟರಿನಿಂದ ಅಡಿಗೆ ಪರಿವರ್ತಿಸುವಾಗ ವ್ಯತ್ಯಾಸವನ್ನೂ ಅದೇ ಗುಣಾಂಕದಿಂದ ಪರಿವರ್ತಿಸಬಹುದು, ಏಕೆಂದರೆ ಅಲ್ಲಿ ಒಂದು ಹೆಚ್ಚಿದಷ್ಟೇ ಪ್ರಮಾಣದಲ್ಲಿ ಇನ್ನೊಂದೂ ಹೆಚ್ಚುತ್ತದೆ. ಆವೃತ್ತಿ ಮತ್ತು ತರಂಗದೂರಗಳದು ವಿಲೋಮ ಸಂಬಂಧ. ಒಂದು ಹೆಚ್ಚಿದರೆ ಇನ್ನೊಂದು ಕುಗ್ಗುತ್ತದೆ. 4.1 ಮೆಗಾಹರ್ಟ್ಸ್ ಎಂದು ಹಾಕಿದಾಗ ನಿಮ್ಮ ಸ್ಪ್ರೆಡ್‌ಶೀಟ್ ಕೊಟ್ಟದ್ದು 4.1 ಮೆಗಾಹರ್ಟ್ಸ್‌ನ ಅಲೆಗೆ ಬೇಕಾದ ಸ್ಟಬ್ಬಿನ ಉದ್ದವನ್ನು. ಉತ್ತರ ಸರಿ, ಪ್ರಶ್ನೆ ಬೇರೆ.

ಬೇಕಾದದ್ದು ಅನುಪಾತ. ಆವೃತ್ತಿ ಶೇಕಡಾ 1ರಷ್ಟು ಏರಬೇಕಾದರೆ ಉದ್ದ ಸುಮಾರು ಶೇಕಡಾ 1ರಷ್ಟು ಇಳಿಯಬೇಕು. 98ರ ಆಸುಪಾಸಿನಲ್ಲಿ ಒಂದು ಮೆಗಾಹರ್ಟ್ಸ್‌ಗೆ ನಿಮ್ಮ ಕೇಬಲ್ಲಿನಲ್ಲಿ ಸುಮಾರು 5 ಮಿ.ಮೀ. ತಗಲುತ್ತದೆ. ಈ ಅಂದಾಜು 98ಕ್ಕೆ ಮಾತ್ರ. 400 ಮೆಗಾಹರ್ಟ್ಸ್‌ನ ಸ್ಟಬ್ಬಿನಲ್ಲಿ ಒಂದು ಮೆಗಾಹರ್ಟ್ಸ್ ಎಂದರೆ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟೂ ಆಗುವುದಿಲ್ಲ.

ಆದರೆ ನಿಮ್ಮ ಎರಡನೆಯ ಅಳತೆ ಇದಕ್ಕಿಂತ ಸ್ವಾರಸ್ಯವಾದ ಒಂದು ಸಂಗತಿಯನ್ನು ಹೇಳುತ್ತಿದೆ. 51.5 ಸೆಂ.ಮೀ. ಕೇಬಲ್ 0.66ರ ಲೆಕ್ಕದಲ್ಲಿ 96ರಲ್ಲಿ ಕುಸಿಯಬೇಕಿತ್ತು, 93.9ರಲ್ಲಿ ಕುಸಿದಿದೆ. ಮೊದಲ ಸಲವೂ 0.66 ಬರಬೇಕಾದಲ್ಲಿ 0.65 ಬಂದಿತ್ತು. ಟಿ ಕನೆಕ್ಟರಿನ ಒಳಗಿನ ದಾರಿಯೂ, ಕೇಬಲ್ ತುದಿಗೆ ಹಾಕಿದ ಕನೆಕ್ಟರೂ ಅಲೆಯ ಪಾಲಿಗೆ ಸ್ಟಬ್ಬಿನ ಭಾಗಗಳೇ ಆಗಿರುವುದರಿಂದ, ನೀವು ಅಳತೆಪಟ್ಟಿಯಲ್ಲಿ ನೋಡುವ ಉದ್ದಕ್ಕಿಂತ ಅಲೆ ನೋಡುವ ಉದ್ದ ತುಸು ಹೆಚ್ಚು. ಎಷ್ಟು ಹೆಚ್ಚು ಎಂಬುದನ್ನು ಊಹಿಸಬೇಕಾಗಿಲ್ಲ. ಒಂದೇ ಕೇಬಲ್, ಒಂದೇ ಕನೆಕ್ಟರ್ ಇಟ್ಟುಕೊಂಡು ನೀವು ಎರಡು ಅಳತೆ ತೆಗೆದಿದ್ದೀರಿ, ನಮಗೆ ತಿಳಿಯಬೇಕಾದವೂ ಎರಡೇ: ಕೇಬಲ್ಲಿನ ನಿಜವಾದ ವೇಗ ಮತ್ತು ಕನೆಕ್ಟರುಗಳು ಸೇರಿಸಿದ ಉದ್ದ.

ಎರಡು ಉದ್ದಗಳನ್ನು ಕಳೆದರೆ ಕನೆಕ್ಟರಿನ ಪಾಲು ತಾನಾಗಿ ಹೋಗಿಬಿಡುತ್ತದೆ: 0.765ರಲ್ಲಿ 0.515 ಕಳೆದರೆ 0.25 ಮೀಟರ್. ಇದನ್ನು, 63.7ರ ಮತ್ತು 93.9ರ ವಿಲೋಮಗಳ ವ್ಯತ್ಯಾಸವಾದ 0.005049ರಿಂದ ಭಾಗಿಸಿ. 49.5 ಎಂಬ ಸಂಖ್ಯೆ ಸಿಗುತ್ತದೆ. ಮೆಗಾಹರ್ಟ್ಸ್‌ನಲ್ಲಿ ಆವೃತ್ತಿಯನ್ನೂ ಮೀಟರಿನಲ್ಲಿ ಸ್ಟಬ್ಬಿನ ಒಟ್ಟು ಉದ್ದವನ್ನೂ ಗುಣಿಸಿದರೆ ಯಾವಾಗಲೂ ಇದೇ ಬರಬೇಕು. ನಿರ್ವಾತದಲ್ಲಿ ಇದು 74.95 ಇರುತ್ತಿತ್ತು. ಎರಡರ ಅನುಪಾತ 0.66, ಅಂದರೆ ಕೇಬಲ್ ತನ್ನ ವಿವರಪಟ್ಟಿಗೆ ಮೋಸ ಮಾಡಿಲ್ಲ. ಈಗ 49.5ನ್ನು 63.7ರಿಂದ ಭಾಗಿಸಿದರೆ 0.777, ಅದರಲ್ಲಿ 0.765 ಕೇಬಲ್, ಉಳಿದ 0.012 ಕನೆಕ್ಟರು. ಹನ್ನೆರಡು ಮಿಲಿಮೀಟರ್. 98ಕ್ಕೆ ಬೇಕಾದ ಒಟ್ಟು ಉದ್ದ 50.5, ಅದರಲ್ಲಿ 1.2 ಕಳೆದರೆ 49.3 ಸೆಂ.ಮೀ. ನಾನು ಮೊದಲು ಹೇಳಿದ 50.5ಕ್ಕೇ ನೇರವಾಗಿ ಕತ್ತರಿಸಿದ್ದರೆ 95.7ರಲ್ಲಿ ನಿಲ್ಲುತ್ತಿದ್ದಿರಿ.

ಮೊದಲು 49.6ರಲ್ಲಿ ನಿಲ್ಲಿಸಿ, ನೋಡಿ, ಆಮೇಲೆ ಉಳಿದದ್ದನ್ನು ತೆಗೆಯಿರಿ.

ಬೆಳಕಿನ ಕೋಣೆ

ನನ್ನದು ರೇಡಿಯೊ ಅಲ್ಲ, ಲೇಸರ್ ಮತ್ತು ರೋಹಿತ ನೋಡುವ ಹವ್ಯಾಸ. ಆದರೂ ಇದೇ ಎರಡು ಹಳ್ಳಗಳು ನಮ್ಮ ದಾರಿಯಲ್ಲಿಯೂ ಇವೆ ಎಂದು ಹೇಳಬೇಕೆನಿಸಿತು. ಹೀಲಿಯಂ-ನಿಯಾನ್ ಲೇಸರಿನ ಕೆಂಪು ಬೆಳಕಿನ ತರಂಗದೂರ ಒಂದು ಕಡೆ 632.8 ನ್ಯಾನೋಮೀಟರ್ ಎಂದೂ, ಇನ್ನೊಂದು ಕಡೆ 633.0 ಎಂದೂ ಇರುವುದನ್ನು ಕಂಡು ನಾನು ಬಹಳ ದಿನ ಒಂದನ್ನು ಅಚ್ಚಿನ ತಪ್ಪೆಂದು ಭಾವಿಸಿದ್ದೆ. ಮೊದಲನೆಯದು ಗಾಳಿಯಲ್ಲಿ, ಎರಡನೆಯದು ನಿರ್ವಾತದಲ್ಲಿ. ಎರಡಕ್ಕೂ ಆವೃತ್ತಿ ಮಾತ್ರ ಒಂದೇ, ಸುಮಾರು 473.6 ಟೆರಾಹರ್ಟ್ಸ್. ಅಲೆ ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟುವಾಗ ವೇಗ ಬದಲಾಗುತ್ತದೆ, ಅದರೊಂದಿಗೆ ತರಂಗದೂರ ಬದಲಾಗುತ್ತದೆ, ಆವೃತ್ತಿ ಬದಲಾಗುವುದಿಲ್ಲ. ಆದ್ದರಿಂದ ಟಿಪ್ಪಣಿ ಪುಸ್ತಕದಲ್ಲಿ ನಾನು ಆವೃತ್ತಿಯನ್ನೇ ಬರೆದಿಟ್ಟುಕೊಳ್ಳುತ್ತೇನೆ. ತರಂಗದೂರ ಬರೆದರೆ ಪಕ್ಕದಲ್ಲಿ ಮಾಧ್ಯಮವನ್ನೂ ಬರೆಯುತ್ತೇನೆ.

ವ್ಯತ್ಯಾಸದ ವಿಚಾರವೂ ಹಾಗೆಯೇ. ಆಪ್ಟಿಕಲ್ ಫೈಬರ್ ಸಂಪರ್ಕದಲ್ಲಿ 100 ಗಿಗಾಹರ್ಟ್ಸ್ ಅಂತರವೆಂದರೆ 1,550 ನ್ಯಾನೋಮೀಟರಿನ ಬಳಿ 0.8 ನ್ಯಾನೋಮೀಟರ್, 1,310ರ ಬಳಿ ಸುಮಾರು 0.57. ‘ಒಂದು ನ್ಯಾನೋಮೀಟರ್ ಎಂದರೆ ಎಷ್ಟು ಗಿಗಾಹರ್ಟ್ಸ್?’ ಎಂದು ಯಾರಾದರೂ ಕೇಳಿದರೆ, ‘ಎಲ್ಲಿ?’ ಎಂದು ತಿರುಗಿ ಕೇಳಬೇಕಾಗುತ್ತದೆ.

ಇದರಿಂದ ಹುಟ್ಟುವ ಇನ್ನೊಂದು ವಿಚಿತ್ರವಿದೆ. ಸೂರ್ಯನನ್ನು 5,772 ಕೆಲ್ವಿನ್‌ನ ಕಪ್ಪುಕಾಯವೆಂದು, ಅಂದರೆ ತನ್ನ ತಾಪದಿಂದಷ್ಟೇ ಬೆಳಗುವ ಆದರ್ಶ ಕಾಯವೆಂದು, ಎಣಿಸಿ, ಅದರ ಹೊಳಪನ್ನು ತರಂಗದೂರದ ಮೇಲೆ ಹರಡಿದರೆ ಶಿಖರ ಸುಮಾರು 500 ನ್ಯಾನೋಮೀಟರಿನಲ್ಲಿ, ಹಸಿರಿನಲ್ಲಿ, ಬರುತ್ತದೆ. ಅದನ್ನೇ ಆವೃತ್ತಿಯ ಮೇಲೆ ಹರಡಿದರೆ ಶಿಖರ ಸುಮಾರು 340 ಟೆರಾಹರ್ಟ್ಸ್. ಅದಕ್ಕೆ ಸಮನಾದ ತರಂಗದೂರ ಸುಮಾರು 880 ನ್ಯಾನೋಮೀಟರ್, ಕಣ್ಣಿಗೆ ಕಾಣದ ಅವಕೆಂಪು. ಎರಡೂ ನಿಜ. ಒಂದು ನ್ಯಾನೋಮೀಟರ್ ಅಗಲದ ಡಬ್ಬಿಗಳಲ್ಲಿ ತುಂಬಿ ಅಳೆಯುವುದೂ, ಒಂದು ಟೆರಾಹರ್ಟ್ಸ್ ಅಗಲದ ಡಬ್ಬಿಗಳಲ್ಲಿ ತುಂಬಿ ಅಳೆಯುವುದೂ ಒಂದೇ ಅಲ್ಲ, ಅಷ್ಟೆ.

ಸಂವೇದಕ ಪ್ರಿಯ

ಈ ಪಟ್ಟಿಗೆ ನನ್ನದೂ ಒಂದು ಸೇರಲಿ. 40 ಕಿಲೋಹರ್ಟ್ಸ್‌ನ ಅಲ್ಟ್ರಾಸಾನಿಕ್ ಸಂವೇದಕಕ್ಕೆ ತರಂಗದೂರ ಲೆಕ್ಕ ಹಾಕಿದಾಗ ನನಗೆ ಏಳೂವರೆ ಕಿಲೋಮೀಟರ್ ಬಂದಿತ್ತು. ಶಬ್ದಕ್ಕೆ ಬೆಳಕಿನ ವೇಗ ಹಾಕಿದ್ದೆ. ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಆಗಿರುವುದರಿಂದ ನಿಜವಾದ ಉತ್ತರ 8.6 ಮಿ.ಮೀ.

ಹೊಸ ಕೇಳುಗ

ಕೆಲಸ ಮುಗಿಯಿತು, ಆದರೆ ನೇರವಾಗಿ ಅಲ್ಲ. 49.6 ಸೆಂ.ಮೀ.ಗೆ ಕತ್ತರಿಸಿ ನೋಡಿದಾಗ 97.4ರ ಬಳಿ ಇರಬೇಕಾದ ಕುಸಿತ ಪೂರ್ತಿ ಮಾಯವಾಗಿ, 195ರ ಹತ್ತಿರ ಒಂದು ಹೊಸ ಕುಸಿತ ಹುಟ್ಟಿಕೊಂಡಿತ್ತು. ಬೇಸರದಿಂದ ಕೇಬಲ್ಲನ್ನು ಬಿಚ್ಚಿ ದೀಪದ ಕೆಳಗೆ ಹಿಡಿದಾಗ ಕಾರಣ ಕಂಡಿತು: ಕತ್ತರಿಯ ಒತ್ತಡಕ್ಕೆ ಜಾಲರಿಯ ಒಂದೇ ಒಂದು ಎಳೆ, ಕೂದಲಿಗಿಂತ ತುಸು ದಪ್ಪದ್ದು, ಬಾಗಿ ನಡುತಂತಿಯನ್ನು ಮುಟ್ಟುತ್ತಿತ್ತು. ತೆರೆದ ತುದಿ ಶಾರ್ಟ್ ಆದಾಗ ಅದೇ ತುಂಡು ಅರ್ಧ ಅಲೆಯ ಸ್ಟಬ್ ಆಗಿ ಎರಡು ಪಟ್ಟು ಆವೃತ್ತಿಯಲ್ಲಿ ಕುಸಿಯುತ್ತದೆ ಎಂಬುದು ಆಗ ಹೊಳೆಯಿತು.

ಎಳೆಯನ್ನು ಸೂಜಿಯಿಂದ ಹಿಂದಕ್ಕೆ ಸರಿಸಿದ ಕೂಡಲೇ ಕುಸಿತ 97.4ಕ್ಕೆ ಮರಳಿತು. ಇನ್ನು ಮೂರು ಮಿಲಿಮೀಟರ್ ತೆಗೆದು, ಈ ಸಲ ಹರಿತವಾದ ಬ್ಲೇಡಿನಿಂದ, ಜಾಲರಿಯನ್ನು ಒಂದು ಮಿಲಿಮೀಟರಿನಷ್ಟು ಹಿಂದಕ್ಕೆ ಸವರಿ ನೋಡಿದೆ. 98.0ರಲ್ಲಿ 30 ಡೆಸಿಬೆಲ್‌ಗಿಂತ ಹೆಚ್ಚು ತಡೆ ಸಿಕ್ಕಿದೆ. 145ರಲ್ಲಿ ಕಳೆದುಕೊಂಡದ್ದು ಒಂದು ಡೆಸಿಬೆಲ್‌ನ ಆಸುಪಾಸು. ಹಾಡು ನಿಂತಿದೆ.

ಸ್ಪ್ರೆಡ್‌ಶೀಟ್‌ನಲ್ಲಿ ವೇಗವನ್ನು ಸೂತ್ರದೊಳಗಿಂದ ತೆಗೆದು ಬೇರೆ ಕಾಲಂ ಮಾಡಿ, ಖಾಲಿ ಬಿಟ್ಟರೆ ಉತ್ತರವೇ ಬಾರದಂತೆ ಇಟ್ಟಿದ್ದೇನೆ. ವ್ಯತ್ಯಾಸದ ಲೆಕ್ಕಕ್ಕೆ ಇನ್ನೊಂದು ಹಾಳೆಯನ್ನೇ ತೆರೆದು, ಅಲ್ಲಿ ಹಳೆಯ ಆವೃತ್ತಿ, ಹೊಸ ಆವೃತ್ತಿ, ಕನೆಕ್ಟರಿನ 12 ಮಿಲಿಮೀಟರ್ ಎಂದು ಮೂರು ಮನೆಗಳನ್ನು ಮಾಡಿದ್ದೇನೆ. ಮೇಲಿನ ‘ತರಂಗಾಂತರ’ ಎಂಬ ಶೀರ್ಷಿಕೆಯೂ ಈಗ ‘ತರಂಗದೂರ’ ಆಗಿದೆ.