ರಷ್ಯಾದ ಕಲ್ಲಿದ್ದಲು, ಕೋಕ್ ನಮ್ಮ ಬಂದರಿಗೆ ಬರುವುದು ಹೇಗೆ? ಸರಕು ಸರ್ವೆಯರ್ ಜೊತೆ ಪ್ರಶ್ನೋತ್ತರ

ನಮಸ್ಕಾರ. ನಾನು ಮಂಗಳೂರಿನವನು. ಹಡಗಿನ ಸರಕು ಅಳೆದು, ಸ್ಯಾಂಪಲ್ ತೆಗೆದು, ಸರ್ಟಿಫಿಕೇಟ್ ಬರೆಯುವ ಸರ್ವೆಯರ್ ಕೆಲಸ. ಹದಿನೆಂಟು ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಕಲ್ಲಿದ್ದಲೇ ನೋಡಿದ್ದೇನೆ. ಹೋದ ವಾರ ಈ ಗುಂಪಿನಲ್ಲಿ ಯಾರೋ "ಸೈಬೀರಿಯಾದಿಂದ ಕಲ್ಲಿದ್ದಲು ತಂದರೆ ಹೇಗೆ ಗಿಟ್ಟುತ್ತದೆ?" ಅಂತ ಕೇಳಿದ್ದರು. ಆಗ ಡ್ಯೂಟಿಯಲ್ಲಿದ್ದೆ. ಇವತ್ತು ಪುರುಸೊತ್ತಿದೆ, ಕೇಳಿ.

ಪ್ರಶ್ನೆ (ಹೊಸಪೇಟೆಯಿಂದ): ನನ್ನದೇ ಪ್ರಶ್ನೆ ಸರ್ ಅದು. ಅಷ್ಟು ದೂರದ ಮಾಲು ಅಗ್ಗಕ್ಕೆ ಸಿಗೋದು ಹೇಗೆ?

ಉತ್ತರ: ದೂರ ಅಂದಾಗ ಎಲ್ಲರ ಕಣ್ಣಿಗೂ ಸಮುದ್ರವೇ ಬರುತ್ತದೆ. ಸಮುದ್ರ ಅಗ್ಗದ ದಾರಿ ಸರ್, ಖರ್ಚೆಲ್ಲ ರೈಲಿನದು.

ರಷ್ಯಾದ ಕಲ್ಲಿದ್ದಲಿನಲ್ಲಿ ಅರ್ಧದಷ್ಟು ಕುಜ್‌ಬಾಸ್ ಒಂದರಿಂದಲೇ ಬರುತ್ತದೆ. ಕೆಮೆರೊವೊ ಪ್ರಾಂತ್ಯ, ಸೈಬೀರಿಯಾದ ನೈಋತ್ಯ ಭಾಗ. ಅಲ್ಲಿ ಕಲ್ಲಿದ್ದಲು ಕಂಡಿದ್ದು 1721ರಲ್ಲಿ. ಅಲ್ಲಿಂದ ಯಾವ ಕಡೆ ಹೊರಟರೂ ಸಮುದ್ರ ದೂರ. ಪೂರ್ವದ ವಸ್ತೋಚ್ನಿ ಬಂದರಿಗೆ 5,500 ಕಿಲೋಮೀಟರಿಗೂ ಹೆಚ್ಚು. ಪಶ್ಚಿಮಕ್ಕೆ, ಬಾಲ್ಟಿಕ್ ತೀರದ ಉಸ್ತ್-ಲೂಗಾಗೆ 4,000 ದಾಟುತ್ತದೆ. ನಮ್ಮ ದಿಬ್ರುಗಢ–ಕನ್ಯಾಕುಮಾರಿ ರೈಲು ಓಡುವುದೇ ಸುಮಾರು 4,200 ಕಿಲೋಮೀಟರ್. ಅಂದರೆ ಮಾಲು ಸಮುದ್ರ ನೋಡುವ ಮೊದಲೇ ಒಂದು ಭಾರತ ದಾಟಿ ಬಂದಿರುತ್ತದೆ.

ಬಹಳಷ್ಟು ಕಡೆ ಕಲ್ಲಿದ್ದಲು ನೆಲದ ಹತ್ತಿರವೇ ಇದೆ, ತೆರೆದ ಗಣಿ, ತೆಗೆಯುವ ಖರ್ಚು ಕಡಿಮೆ. ರೈಲಿಗೆ ಹತ್ತಿಸಿದ ಮೇಲೆ "ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು" ಅನ್ನುವ ಕಥೆ. 2025ರ ಜನವರಿಯಲ್ಲಿ ರೈಲು ಸಾಗಣೆ ದರ ಒಂದೇ ಸಲಕ್ಕೆ ಶೇ 13.8 ಏರಿತು. ಆ ಹೊತ್ತಿಗೆ ಮಾರುಕಟ್ಟೆ ದರ ಬಿದ್ದಿತ್ತು. ಅಗ್ಗಕ್ಕೆ ಸಿಗುತ್ತದೆ ಅಂತ ಖುಷಿಪಡುವ ಮೊದಲು ಇದನ್ನು ನೋಡಿ: ಎಷ್ಟೋ ಸಲ ನಷ್ಟಕ್ಕೇ ಮಾರಿದ್ದಾರೆ.

ಪ್ರಶ್ನೆ (ಅವರೇ): ಹಾಗಾದರೆ ನಮಗ್ಯಾಕೆ ಮಾರುತ್ತಾರೆ? ಹತ್ತಿರದ ಯುರೋಪ್ ಬಿಟ್ಟು?

ಉತ್ತರ: ಯುರೋಪೇ ಬಾಗಿಲು ಹಾಕಿತಲ್ಲ. 2021ರವರೆಗೂ ಯುರೋಪ್ ಒಕ್ಕೂಟದ ಆಮದು ಕಲ್ಲಿದ್ದಲಿನಲ್ಲಿ ಹತ್ತಿರಹತ್ತಿರ ಅರ್ಧ ರಷ್ಯಾದ್ದು. ಯುಕ್ರೇನ್ ಯುದ್ಧ ಶುರುವಾದ ಮೇಲೆ 2022ರ ಏಪ್ರಿಲ್‌ನಲ್ಲಿ ನಿಷೇಧ ಹಾಕಿದರು, ಆಗಸ್ಟ್ 10ರಿಂದ ಪೂರ್ತಿ ಬಂದ್. ಮಾಲು ತಿರುಗಿ ಚೀನಾ, ಭಾರತ, ಟರ್ಕಿ ಕಡೆಗೆ ನೋಡಿತು.

ತೊಂದರೆ ಏನೆಂದರೆ ಗಣಿ ತಿರುಗುವುದಿಲ್ಲ, ಹಳಿ ತಿರುಗುವುದಿಲ್ಲ. ಪೂರ್ವಕ್ಕೆ ಇರುವುದು ಎರಡೇ ಹಾದಿ: ಟ್ರಾನ್ಸ್-ಸೈಬೀರಿಯನ್, ಅದರ ಉತ್ತರಕ್ಕೆ ಬೈಕಲ್–ಅಮೂರ್ ಮಾರ್ಗ. ಎರಡೂ ಸೇರಿ 2021ರಲ್ಲಿ ಹೊರುವ ಶಕ್ತಿ ವರ್ಷಕ್ಕೆ 14.4 ಕೋಟಿ ಟನ್, 2024ಕ್ಕೆ 18 ಕೋಟಿ ಅಂತ ಗುರಿ ಇತ್ತು. ಅದರಲ್ಲೇ ಕಂಟೇನರ್, ಮರ, ಎಣ್ಣೆ, ಕಲ್ಲಿದ್ದಲು ಎಲ್ಲ ನುಗ್ಗಬೇಕು. ಯಾವ ಗಣಿಗೆ ಎಷ್ಟು ಜಾಗ ಅನ್ನುವುದೇ ಅಲ್ಲಿ ದೊಡ್ಡ ರಾಜಕೀಯ. ಈಶಾನ್ಯ ಸೈಬೀರಿಯಾದ ಯಾಕುತಿಯಾದಲ್ಲಿರುವ ಎಲ್ಗಾ ಗಣಿಯವರು ಬೇಸತ್ತು ಓಖೋಟ್ಸ್ಕ್ ಸಮುದ್ರದವರೆಗೆ ಸುಮಾರು 530 ಕಿಲೋಮೀಟರ್ ಸ್ವಂತ ಹಳಿಯನ್ನೇ ಹಾಕಿಕೊಂಡರು ಅಂದರೆ ಲೆಕ್ಕ ಹಾಕಿ.

ಪೂರ್ವದಲ್ಲಿ ಜಾಗ ಸಿಗದವರು ಪಶ್ಚಿಮಕ್ಕೋ ದಕ್ಷಿಣಕ್ಕೋ ಹೋಗುತ್ತಾರೆ: ಉಸ್ತ್-ಲೂಗಾ, ಮುರ್ಮಾನ್ಸ್ಕ್, ಕಪ್ಪು ಸಮುದ್ರದ ತಮಾನ್. ಅಲ್ಲಿಂದ ಸೂಯೆಜ್ ದಾಟಿ ನಮ್ಮ ಕಡೆ. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಎಷ್ಟೋ ಹಡಗುಗಳು ಆಫ್ರಿಕಾ ಸುತ್ತಿಕೊಂಡು ಬಂದವು. ಬಾಡಿಗೆ, ದಿನ ಎರಡೂ ಜಾಸ್ತಿ.

ಪ್ರಶ್ನೆ (ಬೆಂಗಳೂರು, ಬ್ಯಾಂಕ್ ಉದ್ಯೋಗಿ): ದುಡ್ಡು ಹೇಗೆ ಕೊಡುತ್ತಾರೆ? ಡಾಲರ್ ಆಗಲ್ಲ ಅಲ್ವಾ?

ಉತ್ತರ: ಅದು ನನ್ನ ಇಲಾಖೆ ಅಲ್ಲ ಮೇಡಂ, ಒಂದು ಉದಾಹರಣೆ ಮಾತ್ರ ಹೇಳುತ್ತೇನೆ. 2022ರ ಜೂನ್‌ನಲ್ಲಿ ಅಲ್ಟ್ರಾಟೆಕ್ ಸಿಮೆಂಟ್ 1,57,000 ಟನ್ ರಷ್ಯಾ ಕಲ್ಲಿದ್ದಲಿಗೆ ಚೀನಾದ ಯುವಾನ್‌ನಲ್ಲಿ ದುಡ್ಡು ಕೊಟ್ಟಿದ್ದು ಪತ್ರಿಕೆಗಳಲ್ಲಿ ಬಂದಿತ್ತು. 17 ಕೋಟಿ 26 ಲಕ್ಷ ಯುವಾನ್. ಮಾಲು ಹತ್ತಿದ್ದು ರಷ್ಯಾದ ಪೂರ್ವ ತೀರದ ವಾನಿನೋ ಬಂದರಿನಲ್ಲಿ. ದಿರ್ಹಮ್‌ನಲ್ಲೂ ವ್ಯವಹಾರ ನಡೆಯುತ್ತದೆ.

ಆ ಒಂದು ಹಡಗನ್ನು ರೈಲಿನ ಲೆಕ್ಕಕ್ಕೆ ಹಾಕಿ ನೋಡಿ. ಅಲ್ಲಿನ ತೆರೆದ ವ್ಯಾಗನ್‌ಗೆ 'ಪಲುವಗೋನ್' ಅನ್ನುತ್ತಾರೆ, ಒಂದರಲ್ಲಿ ಸುಮಾರು 70 ಟನ್. 1,57,000 ಟನ್‌ಗೆ 2,200ಕ್ಕೂ ಹೆಚ್ಚು ವ್ಯಾಗನ್ ಬೇಕು. 71 ವ್ಯಾಗನ್‌ಗೆ ಒಂದು ರೈಲು ಅಂದುಕೊಂಡರೆ ಮೂವತ್ತೊಂದು, ಮೂವತ್ತೆರಡು ರೈಲು. ಒಂದು ಹಡಗಿಗೆ!

ಪ್ರಶ್ನೆ (ಹುಬ್ಬಳ್ಳಿ, ರೈಲ್ವೆಯಲ್ಲಿದ್ದವರು): ಅಲ್ಲಿನ ಚಳಿಗೆ ವ್ಯಾಗನ್‌ನಲ್ಲಿ ಮಾಲು ಗಟ್ಟಿಯಾಗಲ್ವಾ? ನಮ್ಮಲ್ಲಿ ಮಳೆಗಾಲದ ಒದ್ದೆ ಕಲ್ಲಿದ್ದಲೇ ಟಿಪ್ಲರ್‌ನಲ್ಲಿ (ವ್ಯಾಗನ್ ಮಗುಚುವ ಯಂತ್ರ) ಅಂಟಿಕೊಂಡು ಪ್ರಾಣ ತಿನ್ನುತ್ತಿತ್ತು.

ಉತ್ತರ: ಅನುಭವಸ್ಥರ ಪ್ರಶ್ನೆ ಇದು. ಆಗುತ್ತದೆ ಸರ್, ಬಂಡೆಯ ಹಾಗೆ ಆಗುತ್ತದೆ. ಅದರಲ್ಲೂ ದುಬಾರಿ ಮಾಲೇ ಜಾಸ್ತಿ ಗಟ್ಟಿಯಾಗುವುದು. ಉಕ್ಕಿನ ಕಾರ್ಖಾನೆಗೆ ಹೋಗುವ ಕೋಕಿಂಗ್ (ಕೋಕ್ ಮಾಡಲು ಬಳಸುವ) ಕಲ್ಲಿದ್ದಲನ್ನು ಬೂದಿ ಕಡಿಮೆ ಮಾಡಲು ತೊಳೆಯುತ್ತಾರೆ. ತೊಳೆದ ಮೇಲೆ ಸಣ್ಣ ಪುಡಿ, ಜೊತೆಗೆ ನೀರು. ಮೈನಸ್ ಮೂವತ್ತರಲ್ಲಿ ವಾರಗಟ್ಟಲೆ ಪ್ರಯಾಣ ಮಾಡಿದರೆ ಇನ್ನೇನಾಗುತ್ತದೆ?

ತುಂಬುವ ಮೊದಲು ವ್ಯಾಗನ್ ಗೋಡೆಗೆ ಎಣ್ಣೆಯಂಥ ದ್ರವ ಸಿಂಪಡಿಸುತ್ತಾರೆ. ಬಂದರಿಗೆ ಬಂದಮೇಲೆ 'ತೆಪ್ಲ್ಯಾಕ್' ಅನ್ನುವ ಬಿಸಿ ಶೆಡ್‌ನಲ್ಲಿ ಗಂಟೆಗಟ್ಟಲೆ ನಿಲ್ಲಿಸುತ್ತಾರೆ. ನಾನು ಒಂದು ಚಳಿಗಾಲ ರಷ್ಯಾದ ಪೂರ್ವ ತೀರದ ಬಂದರೊಂದರಲ್ಲಿ ಸ್ಯಾಂಪಲ್ ತೆಗೆಯುವುದನ್ನು ನೋಡಲು ಹೋಗಿದ್ದೆ. ಶೆಡ್‌ನಿಂದ ಹೊರಬಂದ ವ್ಯಾಗನ್‌ನ ಹೊರಮೈಯಲ್ಲಿ ನೀರು ಇಳಿಯುತ್ತಿತ್ತು, ಹಬೆ ಏಳುತ್ತಿತ್ತು. ಟಿಪ್ಲರ್ ಹಿಡಿದು ಪೂರ್ತಿ ಮಗುಚಿತು. ಸುತ್ತಲಿನ ಮಾಲು ಬಿತ್ತು. ನಡುವಿನ ದಿಂಡು ಮಾತ್ರ ಅಚ್ಚಿನಲ್ಲಿ ಕೂತ ಬೆಲ್ಲದ ಹಾಗೆ ತಲೆಕೆಳಗಾಗಿ ನಿಂತೇ ಇತ್ತು! ಎರಡು ಸಲ ಅಲುಗಿಸಿದ ಮೇಲೆ ದಢಾರ್ ಅಂತ ಜಾಲರಿಯ ಮೇಲೆ ಬಿತ್ತು, ನನ್ನ ಕಾಲಡಿಯ ನೆಲ ನಡುಗಿತು. ಆಮೇಲೆ ಕೊರೆಯುವ ಮೆಷಿನ್ ಬಂದು ಅದನ್ನು ಪುಡಿ ಮಾಡಿತು. ಕೈಗೆ ಎರಡು ಜೊತೆ ಗವಸು ಹಾಕಿದ್ದೆ, ಆದರೂ ಪೆನ್ನು ಹಿಡಿಯಲು ಆಗಲಿಲ್ಲ. ಪೆನ್ನೂ ಬರೆಯಲಿಲ್ಲ ಅನ್ನಿ, ಅಲ್ಲಿನವರೆಲ್ಲ ಪೆನ್ಸಿಲ್ ಇಟ್ಟುಕೊಂಡಿದ್ದರು.

ಇನ್ನೊಂದು, ಮ್ಯಾಗ್ನೆಟ್. ಗಣಿಯ ಬೋಲ್ಟ್, ಸರಳು, ಸಲಿಕೆ ಹಲ್ಲು ಎಲ್ಲ ಮಾಲಿನ ಜೊತೆ ಬರುತ್ತವೆ. ಹೊಸ ಟರ್ಮಿನಲ್‌ಗಳಲ್ಲಿ ಬೆಲ್ಟ್ ಮೇಲೆ ಹಂತ ಹಂತವಾಗಿ ಮ್ಯಾಗ್ನೆಟ್ ಇಟ್ಟು ಅದನ್ನೆಲ್ಲ ಎತ್ತುತ್ತಾರೆ. ಹಳೇ ಬಂದರಿನಲ್ಲಿ ಗ್ರ್ಯಾಬ್‌ನಿಂದ (ಕ್ರೇನಿಗೆ ಕಟ್ಟಿದ ಬಾಚುವ ಬುಟ್ಟಿ) ತುಂಬಿದ ಮಾಲಾದರೆ ನಾನು ಕಬ್ಬಿಣದ ಬಗ್ಗೆ ಮೊದಲೇ ಎಚ್ಚರಿಕೆ ಬರೆದಿಡುತ್ತೇನೆ.

ಪ್ರಶ್ನೆ (ವಾಸ್ಕೊದಲ್ಲಿರುವ ಕನ್ನಡಿಗ): ನಮ್ಮೂರಲ್ಲಿ ಬಟ್ಟೆ ಒಣಗಿಸಿದರೆ ಕಪ್ಪು ದೂಳು. ಅಲ್ಲೂ ಹೀಗೇನಾ?

ಉತ್ತರ: ಹೀಗೇ. ರಷ್ಯಾದ ಪೂರ್ವ ತೀರದ ನಖೋದ್ಕಾದಲ್ಲಿ ಊರಿನ ಮಧ್ಯದ ಧಕ್ಕೆಗಳಲ್ಲೇ ಗ್ರ್ಯಾಬ್‌ನಿಂದ ಕಲ್ಲಿದ್ದಲು ಎತ್ತುತ್ತಿದ್ದರು. 2017ರಲ್ಲಿ ಅಧ್ಯಕ್ಷ ಪುಟಿನ್ ಟಿವಿಯಲ್ಲಿ ನೇರವಾಗಿ ಪ್ರಶ್ನೆ ತೆಗೆದುಕೊಳ್ಳುವ ಕಾರ್ಯಕ್ರಮದಲ್ಲಿ ಅಲ್ಲಿನ ಶಾಲಾ ಹುಡುಗನೊಬ್ಬ ಈ ದೂಳಿನ ದೂರು ಕೊಟ್ಟ. ಅದಾದಮೇಲೆ ಗಾಳಿ ತಡೆಯುವ ಬೇಲಿ, ನೀರು ಸಿಂಪಡಿಸುವ ಫಿರಂಗಿ ಎಲ್ಲ ಬಂದವು. ಗಣಿ ಊರುಗಳಲ್ಲಿ ಇನ್ನೂ ಕೆಟ್ಟದು, 2019ರ ಫೆಬ್ರವರಿಯಲ್ಲಿ ಕುಜ್‌ಬಾಸ್‌ನ ಕೆಲವು ಪಟ್ಟಣಗಳಲ್ಲಿ ಕಪ್ಪು ಹಿಮದ ಚಿತ್ರಗಳು ಲೋಕವೆಲ್ಲ ಓಡಾಡಿದವು. ನಿಮ್ಮ ಮುರ್ಮುಗೋವಾದಲ್ಲಿ ಇಳಿಯುವ ಕಲ್ಲಿದ್ದಲು ಕುಲೆಂ, ಕ್ಯಾಸಲ್‌ರಾಕ್ ಘಾಟಿ ಹತ್ತಿ, ಹುಬ್ಬಳ್ಳಿ, ಹೊಸಪೇಟೆ ದಾಟಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ. ಅದೇ ಹಾದಿ, ಅದೇ ದೂಳು. ಮುಚ್ಚಿದ ಕನ್ವೇಯರ್, ಮುಚ್ಚಿದ ಶೆಡ್ ಬಿಟ್ಟರೆ ಇದಕ್ಕೆ ಬೇರೆ ಮದ್ದಿಲ್ಲ. ಬರೀ ನೀರು ಸಿಂಪಡಿಸುವುದು ಕಣ್ಣೊರೆಸುವ ಕೆಲಸ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ (ಕುಂದಾಪುರ, ಅಮ್ಮ ಒಬ್ಬರು): ನನ್ನ ಮಗ ಬಲ್ಕ್ ಹಡಗಿನಲ್ಲಿ ಕೆಡೆಟ್ ಆಗಿ ಸೇರಿದ್ದಾನೆ. ಕಲ್ಲಿದ್ದಲಿಗೆ ತಾನಾಗೇ ಬೆಂಕಿ ಹತ್ತುತ್ತದೆ ಅಂತಾರೆ. ಹೌದಾ?

ಉತ್ತರ: ಹೆದರಬೇಡಿ ಅಮ್ಮ, ಆದರೆ ಮಗನಿಗೆ ಒಂದು ಮಾತು ಹೇಳಿ. ಕಲ್ಲಿದ್ದಲು ಗಾಳಿ ತಗುಲಿ ನಿಧಾನಕ್ಕೆ ಬಿಸಿಯಾಗುವುದು ನಿಜ. ಅದಕ್ಕೇ 55 ಡಿಗ್ರಿ ದಾಟಿದ ಮಾಲನ್ನು ಹತ್ತಿಸಬಾರದು ಅಂತ ಅಂತಾರಾಷ್ಟ್ರೀಯ ನಿಯಮವಿದೆ. ದಾರಿಯುದ್ದಕ್ಕೂ ಪ್ರತಿ ಹೋಲ್ಡಿನ (ಹಡಗಿನೊಳಗೆ ಸರಕು ತುಂಬುವ ಕೋಣೆ) ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆ, ಮೀಥೇನ್ ಎಷ್ಟಿದೆ ಅಂತ ಅಳೆಯುತ್ತಾರೆ.

ಬೆಂಕಿಗಿಂತ ನನಗೆ ಹೆಚ್ಚು ಭಯ ಇನ್ನೊಂದರದು. ಮುಚ್ಚಿದ ಹೋಲ್ಡಿನಲ್ಲಿ ಕಲ್ಲಿದ್ದಲು ಆಮ್ಲಜನಕವನ್ನೆಲ್ಲ ಕುಡಿದುಬಿಡುತ್ತದೆ. ವಾಸನೆ ಬರುವುದಿಲ್ಲ, ಗೊತ್ತೇ ಆಗುವುದಿಲ್ಲ. ಇಳಿದವನು ಅಲ್ಲೇ ಕುಸಿಯುತ್ತಾನೆ, ಅವನನ್ನು ಎತ್ತಲು ಹೋದವನೂ ಕುಸಿಯುತ್ತಾನೆ. ಗ್ಯಾಸ್ ಮೀಟರ್ ಹಾಕಿ ನೋಡದೆ, ಯಾರೇ ಹೇಳಿದರೂ, ಹೋಲ್ಡಿಗೆ ಕಾಲಿಡಬೇಡ ಅಂತ ಹೇಳಿ. ಅವನ ಟ್ರೇನಿಂಗ್‌ನಲ್ಲೂ ಹೇಳಿರುತ್ತಾರೆ. ಅಮ್ಮನ ಬಾಯಿಂದ ಕೇಳಿದರೆ ನೆನಪು ಜಾಸ್ತಿ.

ಪ್ರಶ್ನೆ (ದುಬೈ): ಇರಾನ್ ಮೂಲಕ ಹೊಸ ದಾರಿ ಆಗಿದೆಯಲ್ಲ, ಇನ್ನು ಕಲ್ಲಿದ್ದಲೂ ಅಲ್ಲಿಂದಲೇ ಬರುತ್ತಾ?

ಉತ್ತರ: ಉತ್ತರ–ದಕ್ಷಿಣ ಕಾರಿಡಾರ್. 2024ರ ಜೂನ್‌ನಲ್ಲಿ ಕುಜ್‌ಬಾಸ್‌ನಿಂದ ಎರಡು ರೈಲು ಕಲ್ಲಿದ್ದಲು ಕಜಕಸ್ತಾನ, ತುರ್ಕ್ಮೆನಿಸ್ತಾನ, ಇರಾನ್ ದಾರಿಯಲ್ಲಿ ಭಾರತಕ್ಕೆ ಹೊರಟವು. ಬಂದರ್ ಅಬ್ಬಾಸ್‌ನಿಂದ ಹಡಗು. ಎರಡು ರೈಲು ಅಂದರೆ ಒಂದು ಸಾಧಾರಣ ಹಡಗಿನ ಮೂಲೆಯೂ ತುಂಬುವುದಿಲ್ಲ. ರಷ್ಯಾದ ಹಳಿ 1,520 ಮಿಲಿಮೀಟರ್ ಅಗಲ, ಇರಾನಿನದು 1,435. ಗಡಿಯಲ್ಲಿ ಮಾಲು ಬದಲಿಸಬೇಕು, ಬಂದರಿನಲ್ಲಿ ಮತ್ತೆ ಎತ್ತಿ ಇಳಿಸಬೇಕು. ಮೆಷಿನ್, ಔಷಧಿಯಂಥ ಬೆಲೆಯ ಸಾಮಾನಿಗೆ ಇದು ಗಿಟ್ಟುತ್ತದೆ. ಕಲ್ಲಿದ್ದಲಿಗೆ ನನಗಂತೂ ನಂಬಿಕೆ ಇಲ್ಲ. ಚೆನ್ನೈ–ವ್ಲಾದಿವೊಸ್ತೋಕ್ ಸಮುದ್ರ ದಾರಿಯಾದರೆ ಸುಮಾರು 5,600 ನಾಟಿಕಲ್ ಮೈಲಿ, ಒಂದೇ ಸಲ ತುಂಬಿ ಒಂದೇ ಸಲ ಇಳಿಸಿದರಾಯಿತು.

ಪ್ರಶ್ನೆ (ಕಾರವಾರ): ಅಷ್ಟು ದೊಡ್ಡ ಹಡಗಿನಲ್ಲಿ ತೂಕ ಹೇಗೆ ಮಾಡ್ತೀರಿ? ತಕ್ಕಡಿ ಎಲ್ಲಿಂದ ತರೋದು?

ಉತ್ತರ: ಹಡಗೇ ತಕ್ಕಡಿ! ತುಂಬುವ ಮೊದಲು ಎಷ್ಟು ಮುಳುಗಿತ್ತು, ತುಂಬಿದ ಮೇಲೆ ಎಷ್ಟು ಮುಳುಗಿದೆ, ಅಷ್ಟೇ. ಮುಂದೆ, ನಡುವೆ, ಹಿಂದೆ, ಎರಡೂ ಬದಿ, ಒಟ್ಟು ಆರು ಕಡೆ ಬರೆದ ಅಂಕಿ ಓದಬೇಕು. ನೀರಿನ ಸಾಂದ್ರತೆ ನೋಡಬೇಕು. ಬಲ್ಲಾಸ್ಟ್ ನೀರು (ಹಡಗಿನ ಸಮತೋಲಕ್ಕೆ ಟ್ಯಾಂಕುಗಳಲ್ಲಿ ತುಂಬುವ ನೀರು), ಇಂಧನ ಕಳೆಯಬೇಕು. ಎಪ್ಪತ್ತೈದು ಸಾವಿರ ಟನ್ ಹೊರುವ ಪನಾಮ್ಯಾಕ್ಸ್ ಹಡಗಿನಲ್ಲಿ ಒಂದು ಸೆಂಟಿಮೀಟರ್ ಅಂದರೆ ಸುಮಾರು 65–70 ಟನ್. ಅಲೆ ಇದ್ದಾಗ ಆ ಅಂಕಿ ಒಂದಡಿ ಮೇಲೆ ಕೆಳಗೆ ಕುಣಿಯುತ್ತಿರುತ್ತದೆ. ದೋಣಿಯಲ್ಲಿ ಕೂತು ಟಾರ್ಚ್ ಬಿಟ್ಟು ಹತ್ತು ನಿಮಿಷ ಅದನ್ನೇ ನೋಡಬೇಕು.

ಒಮ್ಮೆ ತುಂಬಿದ ಕಡೆಯ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ 400 ಟನ್ ವ್ಯತ್ಯಾಸ ಬಂತು. ಕೊಂಡವರು ನನ್ನ ಮೇಲೇ ಕೂಗಾಡಿದರು. ಕೊನೆಗೆ ನೋಡಿದರೆ ಅಲ್ಲಿನ ಸರ್ವೆಯರ್ ಒಂದು ಬಲ್ಲಾಸ್ಟ್ ಟ್ಯಾಂಕ್ ಖಾಲಿ ಅಂತ ಬರೆದಿದ್ದ, ಒಳಗೆ ನೀರಿತ್ತು.

ಪ್ರಶ್ನೆ (ಬೆಳಗಾವಿ, ಫೌಂಡ್ರಿ ಮಾಲೀಕರು): ನಮಗೆ ಕಲ್ಲಿದ್ದಲು ಬೇಡ, ಕೋಕ್ ಬೇಕು. ಆಮದು ಕೋಕ್ ತರಿಸಿದರೆ ಲಾರಿಯಲ್ಲಿ ಪುಡಿಯೇ ಜಾಸ್ತಿ. ತೂಕದಲ್ಲೂ ಮೋಸ ಆದ ಹಾಗೆ ಅನಿಸುತ್ತದೆ. ಯಾಕೆ?

ಉತ್ತರ: ಕೋಕ್ ಅಂದರೆ ಹಪ್ಪಳದ ಸಾಗಣೆ ಇದ್ದ ಹಾಗೆ ಸರ್. ಕಲ್ಲಿದ್ದಲನ್ನು ಗಾಳಿ ಇಲ್ಲದ ಒಲೆಯಲ್ಲಿ ಸಾವಿರ ಡಿಗ್ರಿ ಮೇಲೆ ಹದಿನೈದು ಇಪ್ಪತ್ತು ಗಂಟೆ ಕಾಯಿಸಿದಾಗ ಬರುವ ರಂಧ್ರ ರಂಧ್ರದ ಗಟ್ಟಿ ವಸ್ತು ಅದು. ಕೆಮೆರೊವೊ ಊರಿನಲ್ಲಿ, ಅಲ್ತಾಯ್ ಕಡೆ ಜರಿನ್ಸ್ಕ್‌ನಲ್ಲಿ ದೊಡ್ಡ ಕೋಕ್ ಕಾರ್ಖಾನೆಗಳಿವೆ. ಕಲ್ಲಿದ್ದಲು ಒಂದು ಘನ ಮೀಟರ್‌ಗೆ 800 ಕಿಲೋ ತೂಗಿದರೆ ಕೋಕ್ 500ರ ಆಸುಪಾಸು. ವ್ಯಾಗನ್ ತುಂಬಿದರೂ ತೂಕ ಬರುವುದಿಲ್ಲ, ಬಾಡಿಗೆ ಮಾತ್ರ ವ್ಯಾಗನ್‌ನದೇ. ಅದಕ್ಕೇ ರಷ್ಯಾದವರು ಕೋಕ್‌ಗಿಂತ ಕಲ್ಲಿದ್ದಲನ್ನೇ ಎಷ್ಟೋ ಪಟ್ಟು ಜಾಸ್ತಿ ಕಳಿಸುತ್ತಾರೆ.

ಪುಡಿಗೆ ಕಾರಣ ಬೀಳುವ ಸಂಖ್ಯೆ. ಒಲೆಯಿಂದ ವ್ಯಾಗನ್‌ಗೆ, ವ್ಯಾಗನ್‌ನಿಂದ ರಾಶಿಗೆ, ರಾಶಿಯಿಂದ ಹಡಗಿಗೆ, ಹಡಗಿನಿಂದ ಗ್ರ್ಯಾಬ್‌ನಲ್ಲಿ ಮತ್ತೆ ರಾಶಿಗೆ, ಅಲ್ಲಿಂದ ಲಾರಿಗೆ. ಒಂದೊಂದು ಸಲ ಬಿದ್ದಾಗಲೂ ಅಂಚು ಒಡೆಯುತ್ತದೆ. ನಿಮ್ಮ ಕುಪೋಲಾಗೆ (ಕಬ್ಬಿಣ ಕರಗಿಸುವ ಕುಲುಮೆ) ಬೇಕಾದದ್ದು 80 ಮಿಲಿಮೀಟರ್ ಮೇಲಿನ ದಪ್ಪ ತುಂಡು. ಹತ್ತಿಸಿದ ಬಂದರಿನ ಸೈಜ್ ಸರ್ಟಿಫಿಕೇಟ್ ನಂಬಿ ದುಡ್ಡು ಕಟ್ಟಬೇಡಿ. ಇಳಿಸಿದ ಬಂದರಿನಲ್ಲಿ ಜರಡಿ ಹಿಡಿದ ಮೇಲೆ ಸಿಗುವ ಸೈಜಿಗೆ ದರ ಮಾತಾಡಿ. ಇನ್ನೊಂದು ವಿಷಯ, 2025ರ ಜನವರಿಯಿಂದ ಬೂದಿ ಕಡಿಮೆ ಇರುವ ಮೆಟ್ ಕೋಕ್ (ಲೋಹ ಕರಗಿಸುವ ಕುಲುಮೆಯ ಕೋಕ್) ಆಮದಿಗೆ ನಮ್ಮ ಸರ್ಕಾರ ದೇಶವಾರು ಮಿತಿ ಹಾಕಿತ್ತು. ಆರ್ಡರ್ ಕೊಡುವ ಮೊದಲು ಈಗಿನ ಸ್ಥಿತಿ ನಿಮ್ಮ ಕಸ್ಟಮ್ಸ್ ಏಜೆಂಟರನ್ನು ಕೇಳಿ.

ತೂಕದ ಸಂಗತಿ ನೀರಿನದು. ಕೋಕ್ ಸ್ಪಂಜಿನ ಹಾಗೆ ನೀರು ಹೀರುತ್ತದೆ, ಮಳೆಯಲ್ಲಿ ನೆನೆದರೆ ವೇಬ್ರಿಜ್‌ನಲ್ಲಿ ಆ ನೀರಿಗೂ ನೀವು ದುಡ್ಡು ಕೊಡುತ್ತೀರಿ. ಲಾರಿ ಬಂದಾಗ ನಾಲ್ಕೈದು ಕಡೆಯಿಂದ, ಮೇಲಿಂದಲ್ಲ, ಅಗೆದು ಒಳಗಿನಿಂದ, ಒಂದು ಬಕೆಟ್ ತುಂಬಿ. ತೂಗಿ ಬರೆದಿಡಿ. ನಿಮ್ಮ ಕೋರ್ ಒಣಗಿಸುವ ಓವನ್‌ನಲ್ಲಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಮತ್ತೆ ತೂಗಿ.

ಪ್ರಶ್ನೆ (ಅವರೇ, ಎರಡು ದಿನ ಬಿಟ್ಟು): ಮಾಡಿದೆ ಸರ್. ನೂರು ಕಿಲೋಗೆ ಹನ್ನೊಂದು ಕಿಲೋ ನೀರು. ಬಿಲ್ಲಿನಲ್ಲಿ ಐದು ಅಂತ ಇದೆ.

ಉತ್ತರ: ಆ ಬಕೆಟ್ ಮಾಲು ಚೆಲ್ಲಬೇಡಿ. ಅದೇ ಲಾರಿಯ ಮಾಲಿನಿಂದ ಈಗಲೇ ಎರಡು ಸ್ಯಾಂಪಲ್ ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಲಾರಿ ಡ್ರೈವರ್ ಸಹಿ ಹಾಕಿಸಿ ಸೀಲ್ ಮಾಡಿ. ಒಂದು ಲ್ಯಾಬಿಗೆ, ಒಂದು ನಿಮ್ಮ ಬೀರುವಿಗೆ. ಆಮೇಲೆ ಮಾರಿದವರಿಗೆ ಫೋನ್ ಮಾಡಿ.